ಗುದ್ದಿಸಿಕೊಂಡ ಕಾರಿನ ಇಳಿದ ಬೆಲೆ ಯಾರ ತಲೆಗೆ?

ಸೆಕೆಂಡ್ ಹ್ಯಾಂಡ್ ಕಾರು ನೋಡಲು ಬಂದ ಪಳಗಿದ ಬ್ರೋಕರ್, ಅರಸೀಕೆರೆಯಲ್ಲಿರಲಿ ಹಾಸನದಲ್ಲಿರಲಿ, ಎಂಜಿನ್ ಸ್ಟಾರ್ಟ್ ಮಾಡುವುದು ಆಮೇಲೆ. ಮೊದಲು ಬಾನೆಟ್ ಎತ್ತಿ ಬೋಲ್ಟುಗಳ ತಲೆ ನೋಡುತ್ತಾನೆ. ಸ್ಪ್ಯಾನರ್ ತಾಗಿ ಬಣ್ಣ ಎದ್ದಿದ್ದರೆ ಫೆಂಡರ್ ಒಮ್ಮೆ ಬಿಚ್ಚಿದೆ ಎಂದೇ ಲೆಕ್ಕ. ಬಾಗಿಲಿನ ರಬ್ಬರ್ ಬೀಡಿಂಗ್ ಸರಿಸಿ, ಪಿಲ್ಲರ್ ಮೇಲಿನ ಸ್ಪಾಟ್ ವೆಲ್ಡಿಂಗ್ ಗುರುತುಗಳನ್ನು ಬೆರಳಲ್ಲಿ ಸವರುತ್ತಾನೆ. ಕಂಪನಿಯಲ್ಲಿ ಬಿದ್ದ ಗುರುತುಗಳು ಸಾಲಾಗಿರುತ್ತವೆ, ಟಿಂಕರಿಂಗ್ ಆದ ಕಡೆ ಅಳಿಸಿಹೋಗಿರುತ್ತವೆ. ‘ಆಕ್ಸಿಡೆಂಟ್ ಗಾಡಿ’ ಎಂದು ಅವನು ಅಂದ ಮೇಲೆ, ರಿಪೇರಿ ಎಷ್ಟೇ ಚೆನ್ನಾಗಿದ್ದರೂ ರೇಟು ಇಳಿದಂತೆಯೇ.

ಈ ಇಳಿಕೆಯನ್ನು ಗುದ್ದಿದವನೇ ತುಂಬಿಕೊಡಬೇಕು ಎಂಬ ವಾದಕ್ಕೆ ಹೊರದೇಶಗಳಲ್ಲಿ ಅರವತ್ತು ವರ್ಷ ದಾಟಿದ ಚರಿತ್ರೆ ಇದೆ. ಜರ್ಮನಿಯ ಸರ್ವೋಚ್ಚ ಸಿವಿಲ್ ನ್ಯಾಯಾಲಯ 1961ರಲ್ಲೇ ಇದನ್ನು ಒಪ್ಪಿತು. ಮಾಲೀಕ ಕಾರನ್ನು ಮಾರದೆ ಓಡಿಸುತ್ತಿದ್ದರೂ ನಷ್ಟ ನಷ್ಟವೇ ಎಂದಿತು. ಇಂಗ್ಲೆಂಡಿನಲ್ಲಿ 1974ರ ಪೇಟನ್–ಬ್ರೂಕ್ಸ್ ಮೊಕದ್ದಮೆ ತತ್ವವನ್ನೇನೋ ಒಪ್ಪಿತು, ಆದರೆ ಬೆಲೆ ಇಳಿದಿದೆ ಎಂಬುದಕ್ಕೆ ಪುರಾವೆ ಸಾಲದೆ ಕಾರಿನ ಮಾಲೀಕ ಸೋತ. ಅಮೆರಿಕದ ಜಾರ್ಜಿಯಾ ರಾಜ್ಯ 2001ರಲ್ಲಿ ಇನ್ನೂ ಮುಂದೆ ಹೋಗಿ, ಸ್ವಂತ ವಿಮಾ ಕಂಪನಿಯೇ ಈ ನಷ್ಟವನ್ನೂ ಅಳೆದು ಕೊಡಬೇಕು ಎಂದಿತು. ಅಲ್ಲಿಂದ ಬಳಕೆಗೆ ಬಂದ ‘17ಸಿ’ ಸೂತ್ರ ಮಾತ್ರ ಕಾರಿನ ಬೆಲೆಯ ಶೇ 10ಕ್ಕೆ ಗೆರೆ ಎಳೆದು ಅಲ್ಲಿಂದ ಕೆಳಕ್ಕೇ ಇಳಿಯುತ್ತದೆ. ಕೊಡುವವರ ಕಡೆ ವಾಲಿದ ಲೆಕ್ಕ ಅದು.

ನಮ್ಮಲ್ಲಿ ಕಥೆ ಬೇರೆ ದಾರಿ ಹಿಡಿಯಿತು. 1939ರ ಮೋಟಾರು ವಾಹನ ಕಾಯ್ದೆಗೆ 1956ರ ತಿದ್ದುಪಡಿ ತಂದ ಪರಿಹಾರ ನ್ಯಾಯಮಂಡಳಿಗಳು ಮೊದಲು ನೋಡುತ್ತಿದ್ದುದು ಸಾವು ಮತ್ತು ಗಾಯದ ಪ್ರಕರಣಗಳನ್ನು. ಆಸ್ತಿ ನಷ್ಟ ಸೇರಿದ್ದು 1969ರ ತಿದ್ದುಪಡಿಯಿಂದ, ಅದೂ ವಿಮೆಯ ಹೊಣೆ 2,000 ರೂಪಾಯಿಗೆ ಸೀಮಿತವಾಗಿ. ಅದು 1982ರಲ್ಲಿ 6,000 ಆಯಿತು. 1988ರ ಹೊಸ ಕಾಯ್ದೆಯೂ ಅದೇ ಅಂಕಿಯನ್ನು ಉಳಿಸಿಕೊಂಡಿತು. ಇವತ್ತು ಆ ದುಡ್ಡಿಗೆ ಒಂದು ಹೆಡ್‌ಲೈಟ್ ಬಂದರೆ ಪುಣ್ಯ. ಕಾರಿನ ಪಾಲಿಸಿಗಳಲ್ಲಿ ಮೂರನೇ ವ್ಯಕ್ತಿಯ ಆಸ್ತಿಗೆ ಏಳೂವರೆ ಲಕ್ಷದವರೆಗೆ ರಕ್ಷಣೆ ಬಂದದ್ದು ಮೋಟಾರು ವಿಮೆಯ ದರಪಟ್ಟಿಯ (ಟ್ಯಾರಿಫ್) ಮೂಲಕ. ಪ್ರೀಮಿಯಂ ಉಳಿಸಲು ಅದನ್ನು ಮತ್ತೆ 6,000ಕ್ಕೆ ಇಳಿಸಿಕೊಳ್ಳುವ ಅವಕಾಶವನ್ನೂ ಅದೇ ಪಟ್ಟಿ ಕೊಟ್ಟಿತು.

ಜನ ಹೆಚ್ಚು ಗೊಂದಲಕ್ಕೆ ಬೀಳುವುದು ‘ಡಿಪ್ರಿಸಿಯೇಶನ್’ ವಿಷಯದಲ್ಲಿ. ನಿಮ್ಮದೇ ಕಂಪನಿಯಲ್ಲಿ ಕ್ಲೇಮ್ ಹಾಕಿದಾಗ ಬದಲಾಯಿಸಿದ ಬಿಡಿಭಾಗದ ಬೆಲೆಯಲ್ಲಿ ಸವಕಳಿ ಕಳೆಯುತ್ತಾರೆ: ಪ್ಲಾಸ್ಟಿಕ್, ರಬ್ಬರಿಗೆ ಅರ್ಧಕ್ಕರ್ಧ, ಎರಡರಿಂದ ಮೂರು ವರ್ಷದ ಕಾರಿನ ತಗಡಿಗೆ ಶೇ 15, ಗಾಜಿಗೆ ಏನೂ ಇಲ್ಲ. ಹನ್ನೆರಡು ಸಾವಿರದ ಬಂಪರ್ ಹಾಕಿಸಿದರೆ ಆರು ಸಾವಿರ ನಿಮ್ಮ ಜೇಬಿನದು. ‘ಬಂಪರ್ ಟು ಬಂಪರ್’ ಪಾಲಿಸಿ ತುಂಬಿಕೊಡುವುದು ಈ ಕಡಿತವನ್ನು ಮಾತ್ರ. ಮಾರುಕಟ್ಟೆಯಲ್ಲಿ ಬಿದ್ದ ಬೆಲೆಗೂ ಅದಕ್ಕೂ ಸಂಬಂಧವಿಲ್ಲ. ಹಾನಿಯಿಂದ ಹುಟ್ಟಿದ ಮುಂದಿನ ನಷ್ಟ ಮತ್ತು ಸವಕಳಿಗೆ ಹೊಣೆಯಲ್ಲ ಎಂದು ಪಾಲಿಸಿಯಲ್ಲೇ ಬರೆದಿರುವಾಗ, ಅಲ್ಲಿ ಜಗಳಕ್ಕೆ ನಿಲ್ಲುವುದು ಸಮಯ ದಂಡ ಎಂದೇ ನನ್ನ ಅನಿಸಿಕೆ.

ಜಗಳವಾಡಬೇಕಾದ ಜಾಗ ನ್ಯಾಯಮಂಡಳಿ. ತುಮಕೂರಿನಿಂದ ತಿಪಟೂರು, ಅರಸೀಕೆರೆ, ಬಾಣಾವರ, ಹಳೇಬೀಡು, ಬೇಲೂರು ಹಾದು ಮಂಗಳೂರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 73ರಲ್ಲಿ ಕೊಬ್ಬರಿ ಲಾರಿಯೊಂದು ನಿಂತ ಕಾರಿಗೆ ಹಿಂದಿನಿಂದ ಗುದ್ದಿತು ಅನ್ನಿ. ಸೆಕ್ಷನ್ 166ರಡಿ ಆಸ್ತಿಯ ಮಾಲೀಕನೂ ಅರ್ಜಿ ಹಾಕಬಹುದು. ಸೆಕ್ಷನ್ 168 ಹೇಳುವುದು ‘ನ್ಯಾಯಯುತ’ ಪರಿಹಾರ ಎಂದು. ಇಳಿದ ಬೆಲೆಯನ್ನು ಅದು ಹೆಸರಿಸಿ ಸೇರಿಸಿಲ್ಲ, ಹೊರಗೂ ಇಟ್ಟಿಲ್ಲ. ಆಸ್ತಿ ನಷ್ಟ 2,000 ರೂಪಾಯಿ ಮೀರಿದರೆ ಸಿವಿಲ್ ಕೋರ್ಟಿಗೆ ಹೋಗುವ ಆಯ್ಕೆ ಇದ್ದದ್ದು 1939ರ ಹಳೆಯ ಕಾಯ್ದೆಯಲ್ಲಿ. ಲಾರಿಯ ಬದಲು ವಿಮೆಯಿಂದ ವಿನಾಯಿತಿ ಪಡೆದ ಸಾರಿಗೆ ನಿಗಮದ ಬಸ್ಸಾದರೆ ಕೇಳಬೇಕಾದದ್ದು ನಿಗಮವನ್ನೇ.

ಬಾಗಿಲು ತೆರೆದಿದ್ದರೂ ಹೋಗುವವರು ಕಡಿಮೆ. ಎಂಟು ಲಕ್ಷದ ಕಾರಿಗೆ ಐವತ್ತು ಸಾವಿರ ಇಳಿದರೆ, ಅದಕ್ಕಾಗಿ ವರ್ಷಗಟ್ಟಲೆ ಕೋರ್ಟಿಗೆ ಅಲೆಯುವವರಾರು? ಇನ್ನು ಸರ್ವೇಯರ್ ಲೆಕ್ಕ ಹಾಕುವುದು ರಿಪೇರಿ ಖರ್ಚು, ಸವಕಳಿ, ಗುಜರಿ ಬೆಲೆ ಇವನ್ನೇ. ಮರುಮಾರಾಟದ ಬೆಲೆ ಅವನ ಕೆಲಸವಲ್ಲ. ಅದನ್ನು ಮಾಲೀಕನೇ ಬೇರೆಯಾಗಿ ಒದಗಿಸಬೇಕು: ಅಪಘಾತಕ್ಕೆ ಮುಂಚಿನ ಸರ್ವಿಸ್ ದಾಖಲೆ, ಬಿಚ್ಚಿದ ಸ್ಥಿತಿಯ ಫೋಟೊ, ಅದೇ ಮಾಡೆಲ್, ಅದೇ ವರ್ಷದ ಗುದ್ದಿಸಿಕೊಳ್ಳದ ಕಾರಿನ ಬೆಲೆ, ಮತ್ತು ಸಾಕ್ಷಿಕಟ್ಟೆ ಏರಲು ಒಪ್ಪುವ ಮೌಲ್ಯಮಾಪಕ. 2022ರ ಏಪ್ರಿಲ್ 1ರಿಂದ ಜಾರಿಯಾದ ತಿದ್ದುಪಡಿ ಅರ್ಜಿಗೆ ಕೊಟ್ಟಿರುವ ಅವಧಿ ಆರು ತಿಂಗಳು. ಕಾರು ಗ್ಯಾರೇಜಿನಿಂದ ಹೊರಬರುವಷ್ಟರಲ್ಲಿ ಅದರಲ್ಲೂ ಒಂದೆರಡು ತಿಂಗಳು ಕಳೆದಿರುತ್ತದೆ.