ಪಹಣಿ ಉದಾಹರಣೆಯಲ್ಲಿ ವೆಬ್ ಎಪಿಐ

ಸಾಲ ಕೇಳಿ ಬಂದ ರೈತನ ಜಮೀನು ಯಾರ ಹೆಸರಿನಲ್ಲಿದೆ ಎಂಬುದನ್ನು ಬ್ಯಾಂಕು ಖಚಿತಪಡಿಸಿಕೊಳ್ಳಲೇಬೇಕು. ಹಿಂದೆ ಇದಕ್ಕೆ ಗ್ರಾಮ ಲೆಕ್ಕಿಗರ ಕೈಬರಹದ ಪಹಣಿಯೇ ಆಧಾರವಾಗಿತ್ತು. ಎರಡು ಸಾವಿರದ ದಶಕದ ಆರಂಭದಲ್ಲಿ ಕಂದಾಯ ಇಲಾಖೆಯ ‘ಭೂಮಿ’ ಯೋಜನೆಯು ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ತಂದಿತು.

ಇಂಥ ದಾಖಲೆಯನ್ನು ಒಂದು ಕಂಪ್ಯೂಟರು ಅಂತರ್ಜಾಲದ ಮೂಲಕ ಮತ್ತೊಂದರಿಂದ ನೇರವಾಗಿ ಕೇಳಿ ಪಡೆಯುವ ವ್ಯವಸ್ಥೆಯೇ ವೆಬ್ ಎಪಿಐ. ಅದರ ಸರಳ ಮಾದರಿಯನ್ನು ಹೀಗೆ ರಚಿಸಬಹುದು.

ಕೋಷ್ಟಕಗಳು: ರಿಲೇಷನಲ್ ಡೇಟಾಬೇಸಿನಲ್ಲಿ ಜಮೀನಿಗೊಂದು, ಖಾತೆದಾರರಿಗೊಂದು ಕೋಷ್ಟಕವಿರಬೇಕು. ಒಂದೇ ಜಮೀನಿಗೆ ಹಲವು ಖಾತೆದಾರರು, ಒಬ್ಬರಿಗೇ ಹಲವು ಜಮೀನು ಇರಬಹುದಾದ ಕಾರಣ ಇವೆರಡನ್ನು ಜೋಡಿಸಲು ಮೂರನೆಯದು ಅಗತ್ಯ. ಸರ್ವೆ ನಂಬರ್ 45 ದೊಡ್ಡಬಳ್ಳಾಪುರದ ಹಳ್ಳಿಯಲ್ಲೂ ಇರಬಹುದು, ಹೊಸಕೋಟೆಯ ಹಳ್ಳಿಯಲ್ಲೂ ಇರಬಹುದು. ಆದ್ದರಿಂದ ಗ್ರಾಮ, ಸರ್ವೆ, ಹಿಸ್ಸಾ ಸಂಖ್ಯೆಗಳು ಸೇರಿದರೆ ಮಾತ್ರ ಜಮೀನಿನ ಗುರುತು ಪೂರ್ಣ.

ಕೋರಿಕೆ: ಈ ಮೂರು ವಿವರ ಬಂದೊಡನೆ ಸರ್ವರ್ ಅವನ್ನು ಪರಿಶೀಲಿಸಿ, ಎಸ್‌ಕ್ಯುಎಲ್ ಮೂಲಕ ದಾಖಲೆ ಹುಡುಕಿ, ಜೆಸನ್ ರೂಪದಲ್ಲಿ ಉತ್ತರಿಸುತ್ತದೆ. ದಾಖಲೆ ಇಲ್ಲದಿದ್ದರೆ 404 ಸಂಕೇತ ಕಳುಹಿಸುತ್ತದೆ. ಹೊರಗಿನಿಂದ ಬಂದ ಪದಗಳನ್ನು ಎಸ್‌ಕ್ಯುಎಲ್ ವಾಕ್ಯದೊಳಗೆ ನೇರವಾಗಿ ಸೇರಿಸಬಾರದು. ಸೇರಿಸಿದರೆ ಕಿಡಿಗೇಡಿಗಳು ಅದೇ ದಾರಿಯಲ್ಲಿ ದಾಖಲೆ ತಿದ್ದಬಲ್ಲರು.

ಬದಲಾವಣೆ: ಓದುವ ಅನುಮತಿಯೇ ಬೇರೆ, ತಿದ್ದುವ ಅಧಿಕಾರವೇ ಬೇರೆ. ಖಾತೆ ಬದಲಾಗುವಾಗ ಹಳೆಯ ಹೆಸರು ತೆಗೆಯುವುದು, ಹೊಸದನ್ನು ಸೇರಿಸುವುದು ಒಂದೇ ‘ಟ್ರಾನ್ಸಾಕ್ಷನ್’ನಲ್ಲಿ ನಡೆಯಬೇಕು. ನಡುವೆ ವಿದ್ಯುತ್ ಕೈಕೊಟ್ಟರೆ ಎರಡೂ ರದ್ದಾಗಿ ಹಳೆಯ ಸ್ಥಿತಿಯೇ ಉಳಿಯುತ್ತದೆ. ಇಲ್ಲದಿದ್ದರೆ ಜಮೀನು ಯಾರ ಹೆಸರಿನಲ್ಲೂ ಇಲ್ಲದಂತಾಗಿ, ಪ್ರೋಗ್ರಾಮಿನ ತಪ್ಪಿಗೆ ರೈತ ತಾಲ್ಲೂಕು ಕಚೇರಿಗೆ ಅಲೆಯಬೇಕಾದೀತು.