ಅಲ್ಪಾವಧಿ ಮಿಷನ್ ಯಾತ್ರೆ (ಇತಿಹಾಸ)

ಚರ್ಚಿನ ಯುವಜನರು ಹಿರಿಯರೊಬ್ಬರ ಮುಂದಾಳುತನದಲ್ಲಿ ಪರದೇಶಕ್ಕೋ ಮೂಲನಿವಾಸಿಗಳ ಹಳ್ಳಿಗೋ ಹೋಗಿ, ವಾರ ಹದಿನೈದು ದಿನ ತಂಗಿ, ಸುವಾರ್ತೆ ಸಾರುತ್ತ ಶ್ರಮದಾನವನ್ನೂ ಮಾಡಿ ಮರಳುವ ಪದ್ಧತಿ. 20ನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕದ ಪ್ರಾಟೆಸ್ಟೆಂಟ್ ಸಭೆಗಳಲ್ಲಿ ಬೇರೂರಿತು. ಕನ್ನಡಿಗರಿಗೆ ಮಿಷನರಿ ಎಂದೊಡನೆ ನೆನಪಾಗುವುದು 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್. ಹಾಗಾಗಿ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದುಂಟು. ಆದರೆ ಆ ಮಿಷನ್‌ನಿಂದ 1853ರಲ್ಲಿ ಬಂದ ಕಿಟೆಲ್ ಅವರ ಕನ್ನಡ ನಿಘಂಟು ಅಚ್ಚಾದದ್ದು 1894ರಲ್ಲಿ. ಇಲ್ಲಿ ಹೇಳುತ್ತಿರುವ ಯಾತ್ರೆಯಲ್ಲಾದರೋ ಊರವರ ಭಾಷೆಯ ನಾಲ್ಕು ಮಾತು ನಾಲಿಗೆಗೆ ಹತ್ತುವಷ್ಟರಲ್ಲಿ ಗಂಟುಮೂಟೆ ಕಟ್ಟುವ ದಿನ ಬಂದಿರುತ್ತದೆ.

ಮೊದಲಿಗರು ಯಾರೆಂದು ಒಬ್ಬರನ್ನೇ ಬೆರಳುಮಾಡಿ ತೋರಿಸುವುದು ಕಷ್ಟ. 1957ರ ಬೇಸಿಗೆಯಲ್ಲಿ ಜಾರ್ಜ್ ವರ್ವರ್ ಇಬ್ಬರು ಗೆಳೆಯರೊಡನೆ ಧಾರ್ಮಿಕ ಪುಸ್ತಕ ಹಂಚಲು ಮೆಕ್ಸಿಕೊಗೆ ಹೋದ ಪ್ರಯಾಣದಿಂದ ‘ಆಪರೇಷನ್ ಮೊಬಿಲೈಸೇಷನ್’ ಬೆಳೆಯಿತು. 1960ರಲ್ಲಿ ಲಾರೆನ್ ಕನಿಂಗ್‌ಹ್ಯಾಮ್ ‘ಯೂತ್ ವಿತ್ ಎ ಮಿಷನ್’ ಕಟ್ಟಿದರು. ಅದಕ್ಕೂ ಮುನ್ನ, 1956ರ ಜನವರಿ 8ರಂದು ಎಕ್ವಡಾರ್‌ನ ನದಿದಂಡೆಯೊಂದರಲ್ಲಿ ವಾವೊರಾನಿ ಜನರ ಈಟಿಗೆ ಐವರು ಅಮೆರಿಕನ್ ಮಿಷನರಿಗಳು ಬಲಿಯಾಗಿದ್ದರು. ‘ಲೈಫ್’ ಪತ್ರಿಕೆಯ ಚಿತ್ರವರದಿಯೂ ಮರುವರ್ಷ ಮಡಿದವರೊಬ್ಬರ ಪತ್ನಿ ಎಲಿಸಬೆತ್ ಎಲಿಯಟ್ ಬರೆದ ಪುಸ್ತಕವೂ ಆ ಸುದ್ದಿಯನ್ನು ಮನೆಮನೆಗೆ ಮುಟ್ಟಿಸಿದವು. ಕಾಡಿನ ಹಳ್ಳಿಯೆಂದರೆ ಸಾಹಸದ ತಾಣ ಎಂಬ ಕಲ್ಪನೆ ಚರ್ಚಿನ ಹುಡುಗರಲ್ಲಿ ಬಲಿತದ್ದರಲ್ಲಿ ಸಂಸ್ಥೆಗಳಿಗಿಂತ ಈ ಪ್ರಕರಣದ ಪಾಲೇ ದೊಡ್ಡದೆನ್ನಬಹುದು. 1961ರಲ್ಲಿ ಅಮೆರಿಕ ಸರ್ಕಾರ ಶುರುಮಾಡಿದ ಸ್ವಯಂಸೇವಾ ಯೋಜನೆ ಪೀಸ್ ಕೋರ್, ಜೆಟ್ ವಿಮಾನ, ಅಗ್ಗವಾದ ಟಿಕೆಟ್: ಮುಂದಿನ ಬೆಳವಣಿಗೆಯ ಈ ಕಾರಣಗಳು ಎಲ್ಲರಿಗೂ ಗೊತ್ತಿರುವಂಥವು.

ಆಕ್ಷೇಪವೂ ಬೇಗನೆ ಬಂತು. ಮೆಕ್ಸಿಕೊದ ಹಳ್ಳಿಗಳಲ್ಲಿ ಬೇಸಿಗೆ ಕಳೆಯಲು ಹೊರಟಿದ್ದ ವಿದ್ಯಾರ್ಥಿಗಳ ಮುಂದೆ 1968ರ ಏಪ್ರಿಲ್‌ನಲ್ಲಿ ಮಾತನಾಡಿದ ಕ್ಯಾಥೊಲಿಕ್ ಚಿಂತಕ ಇವಾನ್ ಇಲಿಚ್, ನೋಡಲು ಬನ್ನಿ, ಕಲಿಯಲು ಬನ್ನಿ, ನೆರವಿನ ಹೆಸರಿನಲ್ಲಿ ಮಾತ್ರ ಬರಬೇಡಿ ಎಂದು ಮುಖಕ್ಕೆ ಹೊಡೆದಂತೆ ಹೇಳಿದರು. ಭಾಷಣ ಪ್ರಸಿದ್ಧವಾಯಿತು, ಯಾತ್ರೆಗಳೇನೂ ಕಡಿಮೆಯಾಗಲಿಲ್ಲ.

ಎಷ್ಟು ಜನ ಹೋಗುತ್ತಾರೆಂಬ ಲೆಕ್ಕದಲ್ಲಿ ಗೊಂದಲ ಹೆಚ್ಚು. ಹೆಚ್ಚಾಗಿ ಉದ್ಧರಿಸಲಾಗುವ ಸಂಖ್ಯೆ ಸಮಾಜಶಾಸ್ತ್ರಜ್ಞ ರಾಬರ್ಟ್ ವುತ್ನೋ ಅವರದು: ಅಮೆರಿಕದಿಂದ ವರ್ಷಕ್ಕೆ ಸುಮಾರು 16 ಲಕ್ಷ. ಆದರೆ ಅದು ವಯಸ್ಕ ಚರ್ಚ್ ಸದಸ್ಯರ ಸಮೀಕ್ಷೆಯಿಂದ ತೆಗೆದ, ವಿದೇಶಯಾತ್ರೆಗಳಿಗಷ್ಟೇ ಸೀಮಿತವಾದ ಅಂದಾಜು. ಹೈಸ್ಕೂಲು ಮಕ್ಕಳು ವ್ಯಾನಿನಲ್ಲಿ ತುಂಬಿಕೊಂಡು ತಮ್ಮದೇ ದೇಶದ ಲಕೋಟಾ, ನವಾಹೊ ಮೀಸಲು ಪ್ರದೇಶಗಳಿಗೆ ಹೋಗುವುದು ಅದರೊಳಗೆ ಬರುವುದೇ ಇಲ್ಲ.

ಪರಿಣಾಮದ ಬಗ್ಗೆ ಗಟ್ಟಿ ದಾಖಲೆ ಸಿಗುವುದು ಹೊಂಡುರಾಸ್‌ನಿಂದ. 1998ರ ಮಿಚ್ ಚಂಡಮಾರುತದ ನಂತರ ಅಲ್ಲಿ ಮನೆ ಕಟ್ಟಲು ಉತ್ತರ ಅಮೆರಿಕದ ತಂಡಗಳು ಸಾಲುಗಟ್ಟಿ ಬಂದವು. ಸಂಶೋಧಕ ಕರ್ಟ್ ವೆರ್ ಬೀಕ್ ಲೆಕ್ಕಹಾಕಿ 2006ರಲ್ಲಿ ಪ್ರಕಟಿಸಿದ ಪ್ರಕಾರ, ಪ್ರಯಾಣವೆಚ್ಚ ಸೇರಿ ತಂಡವೊಂದಕ್ಕೆ ಒಂದು ಮನೆಗೆ ಬಿದ್ದದ್ದು ಸರಾಸರಿ 30,000 ಡಾಲರ್. ಸ್ಥಳೀಯ ಕ್ರೈಸ್ತ ಸಂಸ್ಥೆ ಅಂಥದೇ ಮನೆಯನ್ನು 2,000 ಡಾಲರಿಗೆ ಕಟ್ಟುತ್ತಿತ್ತು. ಬಿಳಿಯರು ಕಟ್ಟಿದ ಮನೆಯಲ್ಲಿದ್ದವರಿಗೂ ಊರವರೇ ಕಟ್ಟಿದ ಮನೆಯಲ್ಲಿದ್ದವರಿಗೂ ಬದುಕಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹೋಗಿಬಂದವರು ತಮ್ಮ ದಾನಧರ್ಮ ಹೆಚ್ಚಿತೆಂದರು. ಅವರನ್ನು ಕಳುಹಿಸಿದ ಸಂಸ್ಥೆಯ ಲೆಕ್ಕದ ಪುಸ್ತಕ ಅಷ್ಟನ್ನು ಹೇಳಲಿಲ್ಲ. ಅಲ್ಪಾವಧಿ ಯಾತ್ರೆಯೆಂಬುದು ಯಾತ್ರಿಕನ ಒಳಬದುಕಿಗೆ ಸಂಬಂಧಿಸಿದ ಆಚರಣೆ, ತೀರ್ಥಯಾತ್ರೆಯ ಹಾಗೆ, ಎಂದು ವಿವರಿಸಿದ ವಿದ್ವಾಂಸರೂ ಇದ್ದಾರೆ. ಕನ್ನಡದಲ್ಲಿ ‘ಟ್ರಿಪ್’ ಅನ್ನು ‘ಯಾತ್ರೆ’ ಎಂದದ್ದು ಆ ಅರ್ಥಕ್ಕೆ ಚೆನ್ನಾಗಿಯೇ ಹೊಂದುತ್ತದೆ.

2018ರ ನವೆಂಬರಿನಲ್ಲಿ ಅಂಡಮಾನಿನ ಉತ್ತರ ಸೆಂಟಿನಲ್ ದ್ವೀಪಕ್ಕೆ ಸುವಾರ್ತೆ ಸಾರಲು ಹೋಗಿ ಸತ್ತ 26 ವರ್ಷದ ಜಾನ್ ಅಲೆನ್ ಚೌನನ್ನೂ ಅಲ್ಪಾವಧಿ ಯಾತ್ರಿಕರ ಪಟ್ಟಿಗೆ ಸೇರಿಸುವವರಿದ್ದಾರೆ. ಅದು ಸರಿಯಲ್ಲ. ಹಿಂದೆ ಅಲ್ಪಾವಧಿ ಯಾತ್ರೆಗಳಿಗೆ ಹೋಗಿಬಂದವನೇನೋ ಹೌದು. ದ್ವೀಪಕ್ಕೆ ಮಾತ್ರ ಆತ ಒಬ್ಬನೇ, ಕಾನೂನು ಮೀರಿ, ಅಲ್ಲೇ ಉಳಿಯುವ ಇರಾದೆಯಿಂದ ಹೋಗಿದ್ದ.

ಯಾತ್ರಿಕರು ಬಂದಿಳಿಯುವ ಊರುಗಳ ಕಡೆಯಿಂದ ಸಿಗುವ ದಾಖಲೆ ತೀರ ಈಚಿನದು. ದಕ್ಷಿಣ ಡಕೋಟಾದ ಪೈನ್ ರಿಡ್ಜ್, ಒಗ್ಲಾಲಾ ಲಕೋಟಾ ಜನರ ಮೀಸಲು ಪ್ರದೇಶ. ಅಮೆರಿಕ ಸರ್ಕಾರ ಮೀಸಲು ಪ್ರದೇಶಗಳನ್ನು ಒಂದೊಂದು ಕ್ರೈಸ್ತ ಪಂಗಡಕ್ಕೆ ಹಂಚಿಕೊಟ್ಟ 1870ರ ದಶಕದಿಂದಲೂ ಚರ್ಚು ಇಲ್ಲಿ ಹೊಸದಲ್ಲ. 1883ರ ನಿಯಮಾವಳಿ ಲಕೋಟಾ ಜನರ ಸೂರ್ಯನೃತ್ಯವನ್ನೇ ಅಪರಾಧವಾಗಿಸಿತ್ತು. ಈಗ ಬೇಸಿಗೆ ಬಂತೆಂದರೆ ಕಾರು ತೊಳೆದು, ಕೇಕ್ ಮಾರಿ ದುಡ್ಡು ಕೂಡಿಸಿಕೊಂಡ ಯೂತ್ ಗ್ರೂಪುಗಳು ಒಂದೇ ಬಣ್ಣದ ಟೀ ಶರ್ಟಿನಲ್ಲಿ ಬಂದಿಳಿಯುತ್ತವೆ. ಬೆಳಿಗ್ಗೆ ಮನೆಯ ಮೆಟ್ಟಿಲು ರಿಪೇರಿ, ಬಣ್ಣ ಬಳಿಯುವುದು. ಮಧ್ಯಾಹ್ನ ಮಕ್ಕಳಿಗೆ ಹಾಡು, ಬೈಬಲ್ ಕಥೆ. ರಾತ್ರಿ ಸಭಾಂಗಣದ ನೆಲದ ಮೇಲೆ ಮಲಗುವ ಚೀಲ. 2022ರ ಜುಲೈನಲ್ಲಿ ಹೊರಗಿನಿಂದ ಬಂದಿದ್ದ ಮಿಷನರಿಯೊಬ್ಬ ಲಕೋಟಾ ಜನರ ಆರಾಧ್ಯ ಥುಂಕಾಶಿಲಾನನ್ನು ಹೀಗಳೆದ ಕರಪತ್ರ ಹಂಚಿದ. ಅವನು ಇಂಥ ತಂಡದವನಲ್ಲ. ಆದರೂ ಬುಡಕಟ್ಟಿನ ಆಡಳಿತ ಮಂಡಲಿ ಅವನನ್ನು ಹೊರಹಾಕಿದ್ದಲ್ಲದೆ, ಮಿಷನರಿ ಚಟುವಟಿಕೆಯನ್ನೇ ತಾತ್ಕಾಲಿಕವಾಗಿ ತಡೆಹಿಡಿದು, ಚರ್ಚು ಮತ್ತು ಮಿಷನ್‌ಗಳೆಲ್ಲ ತನ್ನಲ್ಲಿ ಹೆಸರು ನೋಂದಾಯಿಸಬೇಕೆಂದು ವಿಧಿಸಿತು. ಕ್ರಮ ಕೈಗೊಳ್ಳುವಂತೆ ಒತ್ತಾಯಿಸಿದವರಲ್ಲಿ ಲಕೋಟಾ ಯುವಜನರೂ ಇದ್ದರು.