ಬಂದರಿಗೆ ಬೀಗ ಜಡಿದ ಕಾನೂನಿನ ಬೆನ್ನು ಹತ್ತಿ

ನಾನು ಹುಡುಕಲು ಕೂತದ್ದು ಒಂದೇ ಒಂದು ವಾಕ್ಯವನ್ನು. 1807ರ ಡಿಸೆಂಬರ್‌ನಲ್ಲಿ ಅಮೆರಿಕದ ಅಧ್ಯಕ್ಷ ಥಾಮಸ್ ಜೆಫರ್ಸನ್ ತನ್ನ ದೇಶದ ಹಡಗುಗಳು ವಿದೇಶಕ್ಕೆ ಹೊರಡದಂತೆ ಬಂದರುಗಳಿಗೇ ಬೀಗ ಜಡಿದ. ಎಂಬಾರ್ಗೊ ಎಂದು ಅದರ ಹೆಸರು. ಯುದ್ಧದ ಬದಲಿಗೆ ವ್ಯಾಪಾರವನ್ನೇ ಆಯುಧ ಮಾಡಿಕೊಂಡ ಕ್ರಮ ಎಂದು ಚರಿತ್ರೆಯ ಪುಸ್ತಕಗಳು ಹೇಳುತ್ತವೆ. ಸರಿ, ಆದರೆ ಆತ ಹಾಗೆಂದು ಸಂಸತ್ತಿಗೆ ಹೇಳಿದ್ದು ಎಲ್ಲಿ?

ಕಾರಣ ಎಲ್ಲರಿಗೂ ಗೊತ್ತಿತ್ತು. ಅದೇ ವರ್ಷದ ಜೂನ್ 22ರಂದು ವರ್ಜೀನಿಯಾದ ನಾರ್ಫೋಕ್ ಬಳಿಯ ಕಡಲಲ್ಲಿ ಬ್ರಿಟಿಷರ 'ಲೆಪರ್ಡ್' ನೌಕೆ ಅಮೆರಿಕದ 'ಚೆಸಪೀಕ್' ಮೇಲೆ ಗುಂಡಿನ ಮಳೆಗರೆಯಿತು. ಮೂವರು ಸ್ಥಳದಲ್ಲೇ ಸತ್ತರು. ತಮ್ಮ ನೌಕಾಪಡೆಯಿಂದ ಓಡಿಹೋದವರೆಂದು ನಾಲ್ವರನ್ನು ಬ್ರಿಟಿಷರು ಎಳೆದೊಯ್ದರು. ಜನ ಯುದ್ಧಕ್ಕೆ ಕುದಿಯುತ್ತಿದ್ದರು. ಆದರೆ ಆ ಜನಕ್ಕೆ ಇನ್ನೊಂದು ನೆನಪೂ ಇತ್ತು: ಸ್ವಾತಂತ್ರ್ಯಕ್ಕೆ ಮೊದಲು ಸ್ಟಾಂಪ್ ಕಾಯ್ದೆಯ ಕಾಲದಲ್ಲಿ ಇಂಗ್ಲೆಂಡಿನ ಸರಕನ್ನು ಮುಟ್ಟದೆ ಆ ಕಾಯ್ದೆಯನ್ನೇ ಹಿಂತೆಗೆಸಿದ ನೆನಪು.

ಡಿಸೆಂಬರ್ 18ರ ಅಧ್ಯಕ್ಷರ ಸಂದೇಶವನ್ನು ತೆರೆದೆ. ಕೆಲವೇ ಸಾಲು. ನಮ್ಮ ಹಡಗು, ನಾವಿಕರು, ಸರಕು ಅಪಾಯದಲ್ಲಿವೆ, ಹಡಗುಗಳು ಹೊರಡುವುದನ್ನು ತಡೆಯಿರಿ ಎಂಬಷ್ಟೇ ಮಾತು. ಇಂಗ್ಲೆಂಡನ್ನು ಮಣಿಸುವ ಸುದ್ದಿಯೇ ಇಲ್ಲ. 22ರಂದು ಸಹಿಯಾದ ಕಾನೂನಿನಲ್ಲೂ ಇಲ್ಲ. ನನಗೆ ಬೇಕಾದದ್ದು ಸಿಕ್ಕಿದ್ದು ವಾಷಿಂಗ್ಟನ್ನಿನ 'ನ್ಯಾಷನಲ್ ಇಂಟೆಲಿಜೆನ್ಸರ್' ಪತ್ರಿಕೆಯಲ್ಲಿ, ಅದೂ ಹೆಸರಿಲ್ಲದ ಲೇಖನಗಳಲ್ಲಿ. ನಾವು ಕಳೆದುಕೊಳ್ಳುವುದು ಹೆಚ್ಚುವರಿ ಬೆಳೆಯ ಮಾರುಕಟ್ಟೆಯನ್ನು, ಅವರು ಕಳೆದುಕೊಳ್ಳುವುದು ಬದುಕಿಗೆ ಬೇಕಾದದ್ದನ್ನು ಎಂಬುದು ಅಲ್ಲಿನ ವಾದ. ಬರೆದವನು ವಿದೇಶಾಂಗ ಕಾರ್ಯದರ್ಶಿ ಜೇಮ್ಸ್ ಮ್ಯಾಡಿಸನ್ನೇ ಎಂದು ಅವನ ಜೀವನಚರಿತ್ರಕಾರ ಇರ್ವಿಂಗ್ ಬ್ರ್ಯಾಂಟ್ ಹೇಳುತ್ತಾನೆ. ಒಂದು ದೇಶದ ಇಡೀ ನೀತಿ ಅನಾಮಧೇಯ ಬರಹದಲ್ಲಿ ಅಡಗಿ ಕೂತಿತ್ತು! ಹೊಟ್ಟೆಗೆ ಕಲ್ಲು ಕಟ್ಟಿಕೊಳ್ಳಿ ಎಂದು ಜನಕ್ಕೆ ಹೇಳುವ ಸರ್ಕಾರ ಯಾತಕ್ಕೆಂದು ಬಾಯಿಬಿಟ್ಟು ಹೇಳಬೇಡವೇ?

ಹುಡುಕಾಟ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅದೇ 18ನೇ ತಾರೀಖಿನ ಇನ್ನೊಂದು ಪತ್ರ ಕಣ್ಣಿಗೆ ಬಿತ್ತು. ಖಜಾನೆ ಕಾರ್ಯದರ್ಶಿ ಆಲ್ಬರ್ಟ್ ಗ್ಯಾಲಟಿನ್ ಅಧ್ಯಕ್ಷನಿಗೆ ಬರೆದದ್ದು. ಜನರ ಕಷ್ಟ, ವರಮಾನ, ಶತ್ರುವಿನ ಮೇಲಾಗುವ ಪರಿಣಾಮ, ಯಾವ ಕಡೆಯಿಂದ ನೋಡಿದರೂ ಕೊನೆಯಿಲ್ಲದ ಎಂಬಾರ್ಗೊಗಿಂತ ಯುದ್ಧವೇ ವಾಸಿ ಎನ್ನುತ್ತಾನೆ. ಸರ್ಕಾರದ ನಿಷೇಧಗಳು ಅಂದುಕೊಂಡದ್ದಕ್ಕಿಂತ ಹೆಚ್ಚು ಕೆಡುಕು ಮಾಡುತ್ತವೆ ಎಂದೂ ಎಚ್ಚರಿಸುತ್ತಾನೆ. ಸುಂಕದ ಕಟ್ಟೆಗಳೆಲ್ಲ ಇದ್ದದ್ದು ಇವನ ಕೈಕೆಳಗೆ. ಬೇಡವೆಂದವನ ಹೆಗಲಿಗೇ ಕಾನೂನು ಬಿತ್ತು. ನನ್ನ ವಾಕ್ಯವನ್ನು ಬಿಟ್ಟು ಗ್ಯಾಲಟಿನ್ನನ ಬೆನ್ನು ಹತ್ತಿದೆ.

ಲೆಕ್ಕದ ಪಟ್ಟಿಯಲ್ಲಿ 1807ರ ರಫ್ತು ಸುಮಾರು 10.8 ಕೋಟಿ ಡಾಲರ್, 1808ರದ್ದು ಸುಮಾರು 2.2 ಕೋಟಿ. ಕದ್ದು ಸಾಗಿಸಿದ ಮಾಲು ಯಾವ ಪಟ್ಟಿಯಲ್ಲೂ ಸೇರದು. ಅದರ ಗುರುತು ಕಾಣುವುದು ತಿದ್ದುಪಡಿಗಳಲ್ಲಿ. ಜನವರಿಯಲ್ಲಿ ಕರಾವಳಿ ದೋಣಿಗಳಿಗೂ ಮುಚ್ಚಳಿಕೆ, ಮಾರ್ಚ್‌ನಲ್ಲಿ ನೆಲದ ಗಡಿಗೂ ತಡೆ, ಏಪ್ರಿಲ್‌ನಲ್ಲಿ ಇನ್ನಷ್ಟು. ಒಂದೊಂದು ತಿದ್ದುಪಡಿಯೂ ಜನ ಕಂಡುಕೊಂಡಿದ್ದ ಒಂದೊಂದು ಕಂಡಿಯ ವಿಳಾಸ.

ಜುಲೈ 29ರಂದು ಗ್ಯಾಲಟಿನ್ ಮತ್ತೆ ಬರೆಯುತ್ತಾನೆ. ಇದು ನಡೆಯಲೇಬೇಕೆಂದಿದ್ದರೆ ಅಪ್ಪಣೆಯಿಲ್ಲದೆ ಒಂದು ಹಡಗೂ ಅಲುಗಕೂಡದು, ಅನುಮಾನ ಬಂದ ಸರಕನ್ನು ಎಲ್ಲಿ ಬೇಕಾದರೂ ವಶಪಡಿಸುವ, ಹಡಗಿನ ಚುಕ್ಕಾಣಿಯನ್ನೇ ಕಿತ್ತಿಡುವ ಅಧಿಕಾರ ಸುಂಕದವರಿಗೆ ಬೇಕು. ಅಂಥ ಅಧಿಕಾರ ಅಪಾಯಕಾರಿ, ಅಸಹ್ಯ ಎಂದೂ ಅವನೇ ಸೇರಿಸುತ್ತಾನೆ. ಜೆಫರ್ಸನ್‌ನ ಉತ್ತರ ಆಗಸ್ಟ್ 11ರದ್ದು. ಮೋಸ, ಬಲಪ್ರಯೋಗದ ವಿರೋಧ ಇಷ್ಟು ಬೇಗ ಹೀಗೆ ಹುಲುಸಾಗಿ ಬೆಳೆದೀತೆಂದು ತಾನು ಎಣಿಸಿರಲಿಲ್ಲ ಎನ್ನುತ್ತಾನೆ. ಆದರೂ, ಬೇಕಾದ ಉಪಾಯಗಳಿಗೆಲ್ಲ ಸಂಸತ್ತು ಕಾನೂನಿನ ಬಲ ಕೊಡಲಿ ಎಂಬುದೇ ಅವನ ತೀರ್ಮಾನ. ಪ್ರಬಲ ಸರ್ಕಾರವೆಂದರೆ ಬೆಚ್ಚುತ್ತಿದ್ದ ಮನುಷ್ಯ ಇವನೇನಾ ಎಂದು ಸಹಿಯನ್ನು ಇನ್ನೊಮ್ಮೆ ನೋಡಿದೆ.

ಈ ಎರಡು ಪತ್ರಗಳ ನಡುವೆ, ಆಗಸ್ಟ್ 3ರಂದು, ವರ್ಮಾಂಟಿನ ಬರ್ಲಿಂಗ್ಟನ್ ಬಳಿಯ ವಿನೂಸ್ಕಿ ನದಿಯಲ್ಲಿ 'ಬ್ಲ್ಯಾಕ್ ಸ್ನೇಕ್' ಎಂಬ ದೋಣಿಯನ್ನು ಸುಂಕದವರು ಹಿಡಿದರು. ಶಾಂಪ್ಲೇನ್ ಸರೋವರದ ದಾರಿಯಾಗಿ ಕೆನಡಾಕ್ಕೆ ಪೊಟ್ಯಾಶ್ ಸಾಗಿಸುತ್ತಿದ್ದ ದೋಣಿ ಅದು. ಸಾಗಿಸುವವರು ಗುಂಡು ಹಾರಿಸಿದರು. ಸತ್ತವರು ಮೂವರು; ಚೆಸಪೀಕ್‌ನಲ್ಲಿ ಆ ದಿನ ಬಿದ್ದಷ್ಟೇ ಹೆಣ. ಈ ಬಾರಿ ಕೊಂದವರೂ ಸತ್ತವರೂ ಒಂದೇ ನೆಲದವರು. ನವೆಂಬರ್ 11ರಂದು ಒಬ್ಬನನ್ನು ಗಲ್ಲಿಗೇರಿಸಿದರು.

ಅದೇ 1808ರ ಬೇಸಗೆಯಲ್ಲಿ, ಚೀನಾದ ಗಣ್ಯನೊಬ್ಬ ಊರಿಗೆ ಮರಳಬೇಕೆಂಬ ಕಾರಣಕ್ಕೆ ವ್ಯಾಪಾರಿ ಜಾನ್ ಜೇಕಬ್ ಆಸ್ಟರ್‌ನ 'ಬೀವರ್' ಹಡಗಿಗೆ ಕ್ಯಾಂಟನ್ನಿಗೆ ಹೊರಡಲು ಅಧ್ಯಕ್ಷನೇ ಅಪ್ಪಣೆ ಕೊಟ್ಟಿದ್ದ. ಗಣ್ಯ ನಿಜಕ್ಕೂ ಗಣ್ಯನೇನಾ ಎಂದು ಬೇರೆ ವ್ಯಾಪಾರಿಗಳು ಗೊಣಗಿದರು. ಕಡತದಲ್ಲಿ ನಕ್ಕ ಜಾಗ ಅದೊಂದೇ.

1809ರ ಮಾರ್ಚ್ 1ರಂದು, ಅಧಿಕಾರ ಬಿಡಲು ಮೂರು ದಿನ ಇರುವಾಗ, ಜೆಫರ್ಸನ್ ಎಂಬಾರ್ಗೊ ತೆರವಿಗೆ ಸಹಿ ಹಾಕಿದ. ಗ್ಯಾಲಟಿನ್ ಗೆದ್ದನೆಂದು ಟಿಪ್ಪಣಿ ಪುಸ್ತಕ ಮುಚ್ಚಿದ್ದೆ. ಆಮೇಲೆ 1812ರ ಕಾಗದಗಳನ್ನು ನೋಡಿ ಮತ್ತೆ ತೆರೆಯಬೇಕಾಯಿತು. ಮ್ಯಾಡಿಸನ್ ಈಗ ಅಧ್ಯಕ್ಷ. ಹಿಂದಿನ ವರ್ಷದಿಂದ ಇಂಗ್ಲೆಂಡಿನ ಸರಕಿಗೆ ಮಾತ್ರ ಅಮೆರಿಕ ಬಾಗಿಲು ಹಾಕಿತ್ತು. ಮಾರುಕಟ್ಟೆ ಕಳೆದುಕೊಂಡ ಇಂಗ್ಲಿಷ್ ತಯಾರಕರು ತಮ್ಮ ಸಂಸತ್ತಿನ ಮುಂದೆ ಮೊರೆಯಿಟ್ಟಿದ್ದರು. ಜೂನ್ 16ರಂದು ಲಂಡನ್ನಿನಲ್ಲಿ ಬ್ರಿಟಿಷ್ ವಿದೇಶಾಂಗ ಮಂತ್ರಿ ಕ್ಯಾಸಲ್‌ರೇ ಅಮೆರಿಕದ ವ್ಯಾಪಾರಕ್ಕೆ ಅಡ್ಡಿಯಾಗಿದ್ದ ಆಜ್ಞೆಗಳನ್ನು ಅಮಾನತಿನಲ್ಲಿಡುವುದಾಗಿ ಘೋಷಿಸಿದ. ಆ ಸುದ್ದಿ ಇನ್ನೂ ಅಟ್ಲಾಂಟಿಕ್ ದಾಟಿರಲಿಲ್ಲ. 18ರಂದು ವಾಷಿಂಗ್ಟನ್ನಿನಲ್ಲಿ ಯುದ್ಧ ಘೋಷಣೆಯಾಯಿತು. ಅದಕ್ಕೆ ಹಣ ಹೊಂದಿಸುವ ಪಾಡು ಇನ್ನೂ ಖಜಾನೆಯಲ್ಲೇ ಇದ್ದ ಗ್ಯಾಲಟಿನ್ನನದು.